ಶೇಂಗಾ ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿಸಿಲಿಗೆ ಹಾಕಬೇಡಿ

ಚಳ್ಳಕೆರೆ ಸೀಮೆಯಲ್ಲಿ ಹದ ಮಳೆ ಬಿದ್ದ ದಿನ ಎಲ್ಲರಿಗೂ ಅವಸರ. ಬೀಜಕ್ಕೆ ರೈಜೋಬಿಯಂ ಹಚ್ಚಿ, ಬೇಗ ಒಣಗಲಿ ಅಂತ ಅಂಗಳದ ಬಿಸಿಲಿಗೆ ಹರಡುತ್ತಾರೆ. ನೋಡಿದಾಗೆಲ್ಲ ಸಂಕಟ ಆಗುತ್ತದೆ. ಆ ಕಪ್ಪು ಪುಡಿಯಲ್ಲಿರುವುದು ಗೊಬ್ಬರ ಅಲ್ಲ, ಜೀವ: ಬೇರಿನ ಗಂಟಲ್ಲಿ ಕೂತು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ.

ಮೊದಲು ಪೊಟ್ಟಣದ ಮೇಲೆ ಶೇಂಗಾ ಅಂತ ಇದೆಯಾ, ಅವಧಿ ಮುಗಿದಿಲ್ಲವಾ ನೋಡಿ. ಸೋಯಾದ್ದು ಇದಕ್ಕೆ ಆಗಿಬರುವುದಿಲ್ಲ. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿದ ಮೇಲೆಯೇ ಪುಡಿ ಕಲಸಿ. ಶಿಲೀಂಧ್ರದ ಔಷಧಿ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಶೇಂಗಾ ಸಿಪ್ಪೆ ತೆಳು, ಉಜ್ಜಿದರೆ ಸುಲಿದುಹೋಗುತ್ತದೆ, ಅದಕ್ಕೆ ಮೆಲ್ಲಗೆ ಹೊರಳಾಡಿಸಿ. ಆಮೇಲೆ ನೆರಳಲ್ಲಿ ಗೋಣಿಚೀಲದ ಮೇಲೆ ಹರಡಿ.

ನೆರಳೇ ಯಾಕೆ? ಬಿಸಿಲಿನ ಕಾವಿಗೇ ಎಷ್ಟೋ ಸಾಯುತ್ತವೆ, ಅದು ಒಂದು. ಇನ್ನೊಂದು, ಒಣಗುವಾಗ ಬ್ಯಾಕ್ಟೀರಿಯಾದ ಮೈನೀರು ಹೋಗಿ ಹೊರಪೊರೆ ಹರಿಯುತ್ತದೆ, ಒಳಗಿನ ಪ್ರೋಟೀನುಗಳ ಆಕಾರ ಕೆಡುತ್ತದೆ. ಇದನ್ನು ತಡೆಯಲು ಅದು ಟ್ರೆಹಲೋಸ್ ಅನ್ನುವ ಸಕ್ಕರೆ ಮಾಡಿಕೊಳ್ಳುತ್ತದೆ. ಎರಡು ಗ್ಲೂಕೋಸ್ ಜೋಡಿಸಿದ್ದು, ಅಷ್ಟೇ. ನೀರು ಬಿಟ್ಟುಹೋದ ಜಾಗದಲ್ಲಿ ಇದು ಕೂತು ಪೊರೆಯನ್ನು ಹಿಡಿದಿಡುತ್ತದೆ, ಪೂರ್ತಿ ಒಣಗಿದಾಗ ಗಾಜಿನ ಹಾಗೆ ಗಟ್ಟಿಯಾಗಿ ಒಳಗಿನದೆಲ್ಲ ಅಲ್ಲಾಡದ ಹಾಗೆ ಕಾಯುತ್ತದೆ.

ಮಾಡುವ ದಾರಿ ಹೀಗೆ. ಓಟಿಎಸ್-ಎ ಅನ್ನುವ ಕಿಣ್ವ (ಜೀವಕೋಶದಲ್ಲಿ ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನು) ಯುಡಿಪಿ-ಗ್ಲೂಕೋಸ್ ಅನ್ನುವ, ಗ್ಲೂಕೋಸ್ ಹೊತ್ತ ಅಣುವಿನಿಂದ ಗ್ಲೂಕೋಸ್ ತೆಗೆದು, ಫಾಸ್ಫೇಟ್ ಹೊತ್ತ ಇನ್ನೊಂದು ಗ್ಲೂಕೋಸಿಗೆ ಕೂಡಿಸುತ್ತದೆ. ಓಟಿಎಸ್-ಬಿ ಬಂದು ಆ ಫಾಸ್ಫೇಟ್ ಕಿತ್ತುಹಾಕುತ್ತದೆ. ಸಕ್ಕರೆ ಸಿದ್ಧ. ಇನ್ನೂ ಎರಡು ದಾರಿ ಇವೆ: ಟ್ರೆ-ಎಸ್ ಕಿಣ್ವ ಮಾಲ್ಟೋಸ್‌ನ ಕೊಂಡಿಯನ್ನೇ ಬದಲಿಸಿ ಟ್ರೆಹಲೋಸ್ ಮಾಡುತ್ತದೆ, ಟ್ರೆ-ವೈ ಮತ್ತು ಟ್ರೆ-ಝಡ್ ಸೇರಿ ಗ್ಲೂಕೋಸಿನ ಉದ್ದ ಸರಪಳಿಯ ತುದಿಯನ್ನು ತಿರುಗಿಸಿ ಕತ್ತರಿಸುತ್ತವೆ. ಸೋಯಾ ಬೇರಿನ ಬ್ರಾಡಿರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾದಲ್ಲಿ ಈ ಮೂರೂ ದಾರಿ ಇವೆ, ನಮ್ಮ ಶೇಂಗಾ ಬೇರಿನದು ಅದರ ದಾಯಾದಿ. ಒಂದು ದಾರಿ ಕಟ್ಟಾದರೂ ಇನ್ನೊಂದು ಇರಲಿ ಅನ್ನುವ ಹಾಗಿದೆ ಅಲ್ವಾ, ನನಗಂತೂ ಇದು ಇಷ್ಟವಾದ ವಿಷಯ. ಹೊರಗಡೆ ಬೇರೆ ಸಕ್ಕರೆಗಳ ಒಂದು ಅಂಟು ಹೊದಿಕೆಯೂ ಇರುತ್ತದೆ, ಅದು ತೇವ ಹಿಡಿದಿಡುತ್ತದೆ.

ಈ ಕಿಣ್ವಗಳೆಲ್ಲ ಕೆಲಸ ಮಾಡಬೇಕಾದರೆ ಸ್ವಲ್ಪ ನೀರು ಬೇಕು, ಸ್ವಲ್ಪ ಹೊತ್ತು ಬೇಕು. ನೆರಳಲ್ಲಿ ನಿಧಾನವಾಗಿ ಆರಿದರೆ ಎರಡೂ ಸಿಗುತ್ತವೆ. ಹಾಗಂತ ನಾಳೆಗೆ ಇಡಬೇಡಿ. ಹಚ್ಚಿದ ದಿನವೇ ತೇವ ಇರುವ ಮಣ್ಣಿಗೆ ಬಿತ್ತಿ, ಕೂಡಲೇ ಮಣ್ಣು ಮುಚ್ಚಿ.

ಸುಮಾರು 40 ದಿನಕ್ಕೆ ನಾಲ್ಕು ಗಿಡ ಮೆಲ್ಲಗೆ ಅಗೆದು ತೆಗೆಯಿರಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಒಂದು ಗಂಟನ್ನು ಉಗುರಲ್ಲಿ ಸೀಳಿ ನೋಡಿ: ಒಳಗೆ ಕೆಂಪಗೆ ಇದ್ದರೆ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ, ಬೆಳ್ಳಗಿದ್ದರೆ ಇನ್ನೂ ಶುರುವಾಗಿಲ್ಲ, ವಾರ ಬಿಟ್ಟು ಮತ್ತೆ ನೋಡಿ.