ಮರಳುಗಾಡಿನ ಹಳೇ ಪಿಕಪ್: ಲಾಸ್ ವೇಗಸ್‌ನ ಸೀಮಾ ಶೋನಲ್ಲಿ ಒಂದು ದಿನ

ಹಳೇ ಜೀಪೊಂದನ್ನು ಬಿಚ್ಚಿ, ತುಕ್ಕು ತಿಂದ ತಳದ ತಗಡನ್ನೆಲ್ಲ ಕತ್ತರಿಸಿ ತೆಗೆದು ಹೊಸದು ಕೂರಿಸಿದ ಮೇಲೆ, ಯಾವ ಗಾಡಿ ನೋಡಿದರೂ ನನ್ನ ಕಣ್ಣು ಮೊದಲು ಕೆಳಗೇ ಹೋಗುತ್ತದೆ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಕಾಲಿಡುವ ಜಾಗ. ಲಾಸ್ ವೇಗಸ್‌ನಲ್ಲೂ ಅದೇ ಆಯ್ತು.

ಸೀಮಾ (SEMA) ಶೋ ಅಂದ್ರೆ ಗಾಡಿಗಳ ಬಿಡಿಭಾಗ ಮತ್ತು ಮಾರ್ಪಡಿಸಿದ ಗಾಡಿಗಳ ದೊಡ್ಡ ಪ್ರದರ್ಶನ. ಅದು ನಡೆಯುವುದು ನವೆಂಬರ್ ಶುರುವಿನ ಹೊತ್ತಿಗೆ, ಮಂಗಳವಾರದಿಂದ ಶುಕ್ರವಾರದವರೆಗೆ. ಮಂಗಳವಾರವೇ ಹೋಗೋಣ ಅಂತ ನಾನು ಲೆಕ್ಕ ಹಾಕಿದ್ದೆ. ಆದರೆ ಇದು ಬಿಡಿಭಾಗ ಮಾಡುವವರು, ಮಾರುವವರು, ಗ್ಯಾರೇಜಿನವರಿಗಾಗಿ ಇರುವ ಶೋ. ನಮ್ಮಂಥವರಿಗೆ ಟಿಕೆಟ್ ಸಿಗುವುದು ಕೊನೆಯ ಶುಕ್ರವಾರಕ್ಕೆ. ನೀವು ಹೋಗುವುದಾದರೆ ವಿಮಾನದ ಟಿಕೆಟ್ ತೆಗೆಯುವ ಮೊದಲೇ ಇದನ್ನು ನೋಡಿಕೊಳ್ಳಿ.

ನಡುವೆ ಸಿಕ್ಕ ದಿನಗಳಲ್ಲಿ ರೆಡ್ ರಾಕ್ ಕ್ಯಾನ್ಯನ್‌ಗೆ ಹೋದೆ. ಊರಿಂದ ಸುಮಾರು ಅರ್ಧ ಗಂಟೆ ದಾರಿ. ಒಳಗೆ 13 ಮೈಲಿಯ ಒನ್‌ವೇ ರಸ್ತೆ ಇದೆ, ಅಕ್ಟೋಬರ್‌ನಿಂದ ಮೇವರೆಗೆ ಪ್ರವೇಶದ ಸಮಯವನ್ನು ಮೊದಲೇ ಬುಕ್ ಮಾಡಬೇಕು. ಅಲ್ಲಿನ ಬಂಡೆಗಳ ಕೆಂಪು ಬಣ್ಣವೂ ಕಬ್ಬಿಣದ ತುಕ್ಕಿನದೇ. ಗಾಳಿ ಎಷ್ಟು ಒಣ ಅಂದ್ರೆ ಬೆವರು ಬಂದದ್ದೇ ಗೊತ್ತಾಗಲ್ಲ, ಸಂಜೆ ಹೊತ್ತಿಗೆ ತುಟಿ ಒಡೆದು ತಲೆ ಸಿಡಿಯುತ್ತಿತ್ತು. ಶುಕ್ರವಾರ ಮಾತ್ರ ನೀರಿನ ಬಾಟಲಿ ಕೈ ಬಿಡಲಿಲ್ಲ.

ಮಾನೋರೈಲ್ ಶೋ ನಡೆಯುವ ಕನ್ವೆನ್ಷನ್ ಸೆಂಟರ್ ಪಕ್ಕದಲ್ಲೇ ನಿಲ್ಲುತ್ತದೆ. ಈ ಶೋ 1967ರಲ್ಲಿ ಲಾಸ್ ಏಂಜಲೀಸ್‌ನ ಕ್ರೀಡಾಂಗಣವೊಂದರಲ್ಲಿ ಶುರುವಾಗಿ, 1977ರಲ್ಲಿ ಇಲ್ಲಿಗೆ ಬಂದದ್ದು. ಈಗ ದೊಡ್ಡ ದೊಡ್ಡ ಹಾಲ್‌ಗಳು, ಹೊರಗಿನ ಬಯಲಲ್ಲೂ ಗಾಡಿಗಳು. ಎಲ್ಲವನ್ನೂ ಒಂದೇ ದಿನದಲ್ಲಿ ನೋಡಲು ಆಗಲ್ಲ. ಹತ್ತೇ ಗಾಡಿ ಸಾಕು, ಆದರೆ ಅವುಗಳ ಹತ್ತಿರ ನಿಂತು ನೋಡಬೇಕು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ.

ಮೊದಲು ಕಾಲು ಕಟ್ಟಿಹಾಕಿದ್ದು ಒಂದು ಕ್ಯಾಂಡಿ ಕೆಂಪು ಕಾರು. ಕ್ಯಾಂಡಿ ಪೇಂಟ್ ಅಂದ್ರೆ ಕೆಳಗೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಕೋಟು, ಅದರ ಮೇಲೆ ಗಾಜಿನಂತೆ ಬೆಳಕು ಹಾಯುವ ಬಣ್ಣದ ಕೋಟುಗಳು, ಕೊನೆಗೆ ಕ್ಲಿಯರ್, ಅಂದ್ರೆ ಬಣ್ಣವಿಲ್ಲದ ಪಾರದರ್ಶಕ ಕೋಟು. ಒಂದೊಂದು ಕೋಟಿಗೂ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಹಾಗಾಗಿ ಬಾಗಿಲಿಗೆ ಒಂದು ಕೋಟು ಜಾಸ್ತಿ ಬಿದ್ದರೂ ಬಾನೆಟ್‌ಗೂ ಅದಕ್ಕೂ ಹೊಂದಲ್ಲ. ಒಂದು ಕಡೆ ಗೀರಾದರೆ ಅಷ್ಟಕ್ಕೇ ಟಚಪ್ ಮಾಡಿ ಹೊಂದಿಸುವುದು ತುಂಬಾ ಕಷ್ಟ. ಆ ಕಾರಿನ ಸುತ್ತ ಎರಡು ಸುತ್ತು ಬಂದೆ, ಬಣ್ಣ ಎಲ್ಲೂ ವ್ಯತ್ಯಾಸವಾಗಿರಲಿಲ್ಲ. ಆ ಪೇಂಟರ್‌ನ ಕೈಗೆ ನಮಸ್ಕಾರ.

ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಬಣ್ಣವೇ ಉಳಿಯದ ಒಂದು ಹಳೇ ಷೆವ್ರೊಲೆ ಪಿಕಪ್ ಹತ್ತಿರ. 1950ರ ಸುಮಾರಿನ ಗಾಡಿ. ಮೇಲಿನ ಹಸಿರು ಪೇಂಟು ಬಿಸಿಲಿಗೆ ಸವೆದು, ಕೆಳಗಿನ ಪ್ರೈಮರ್, ಅದರ ಕೆಳಗಿನ ತೆಳು ಕಂದು ತುಕ್ಕು ಎಲ್ಲ ಕಾಣುತ್ತಿತ್ತು. ಅದನ್ನು ಹಾಗೇ ಬಿಟ್ಟು ಮೇಲೆ ಮಂಕು ಕ್ಲಿಯರ್ ಹೊಡೆದಿದ್ದರು. ಒಳಗೆ ಮಾತ್ರ ಹೊಸ ವಿ8 ಎಂಜಿನ್, ಗಾಳಿ ತುಂಬಿ-ಬಿಟ್ಟು ಗಾಡಿಯನ್ನು ಏರಿಸಿ ಇಳಿಸುವ ಏರ್ ಸಸ್ಪೆನ್ಷನ್. ನಾನು ಬಗ್ಗಿ ತಳ ನೋಡುತ್ತಿದ್ದುದನ್ನು ಕಂಡು, ಗಾಡಿ ಕಟ್ಟಿದವರೇ ಹತ್ತಿರ ಬಂದರು. ತಳದ ತಗಡು ಯಾವಾಗ ಬದಲಾಯಿಸಿದಿರಿ ಅಂತ ಕೇಳಿದೆ. ಬದಲಾಯಿಸಿಯೇ ಇಲ್ಲ ಅಂದರು!

ಮರಳುಗಾಡಿನಲ್ಲಿ ಬಿದ್ದಿದ್ದ ಗಾಡಿ ಅದು. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅಲ್ಲಿನ ಗಾಡಿಗಳ ತಳ ಕೊಳೆತು ಹೋಗುತ್ತದೆ. ಇಲ್ಲಿ ತೇವವೇ ಇಲ್ಲ, ಹಾಗಾಗಿ ತುಕ್ಕು ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಆದರೆ ಬಿಸಿಲು ಬೇರೆ ಎಲ್ಲವನ್ನೂ ತಿನ್ನುತ್ತದೆ: ಪೇಂಟು, ಸೀಟು, ಕಿಟಕಿಯ ರಬ್ಬರ್. ರಬ್ಬರ್ ಹೊಸದು ತರಬಹುದು, ಗಟ್ಟಿ ತಗಡು ಎಲ್ಲಿಂದ ತರ್ತೀರಿ ಅಂತ ಅವರು ಕೇಳಿದಾಗ ನನ್ನ ಜೀಪಿನ ಫೋಟೋ ತೋರಿಸಿದೆ. ವೆಲ್ಡಿಂಗ್ ಗೆರೆಗಳನ್ನು ಜೂಮ್ ಮಾಡಿ ಒಂದೊಂದಾಗಿ ನೋಡಿದರು. ಇಂಥ ಗಾಡಿಗಳನ್ನು ಮುಟ್ಟಬಾರದು, ಅದು ಎಲ್ಲರಿಗೂ ಗೊತ್ತಿರುವ ನಿಯಮ. ಅವರೇ ನನ್ನ ಕೈ ಹಿಡಿದು ಬಾಗಿಲಿನ ಕೆಳ ಅಂಚಿನ ಮೇಲೆ ಇಡಿಸಿದರು. ಎಲ್ಲೂ ಪುಟ್ಟಿ ಇರಲಿಲ್ಲ, ಬರೀ ಲೋಹ.

ಶೋ ಮುಗಿದ ಮೇಲೆ ಸಂಜೆ ಗಾಡಿಗಳು ಸಾಲಾಗಿ ರಸ್ತೆಗಿಳಿಯುತ್ತವೆ. ದಯವಿಟ್ಟು ಅಷ್ಟರೊಳಗೆ ಹೋಟೆಲ್‌ಗೆ ಹೊರಟುಬಿಡಬೇಡಿ. ನಾನು ಬೇಲಿಯ ಹತ್ತಿರ ನಿಂತು ಕಾದೆ. ಕೆಂಪು ಕಾರು ಹೋಯಿತು, ಇನ್ನೂ ಎಷ್ಟೋ ಹೋದವು. ಕತ್ತಲಾಗುವ ಹೊತ್ತಿಗೆ ಆ ಪಿಕಪ್ ಬಂತು, ತಳ ಇನ್ನೇನು ರಸ್ತೆಗೆ ತಾಗಬೇಕು ಅನ್ನುವಷ್ಟು ಕೆಳಗಿಳಿದು.