ಗ್ಯಾರೇಜ್ ಬಾಗಿಲು ತೆರೆಯದಿದ್ದರೆ ಮೊದಲು ಕೆಂಪು ಹಗ್ಗ ಎಳೆದು ನೋಡಿ
ಮೋಟರ್ ಸದ್ದು ಬರುತ್ತದೆ, ಬಾಗಿಲು ಮಾತ್ರ ಏಳುವುದಿಲ್ಲ ಎಂದಾದರೆ ಮೋಟರ್ ಬಿಚ್ಚುವ ಮೊದಲು ಹೀಗೆ ಮಾಡಿ: ಬಾಗಿಲು ಪೂರ್ತಿ ಮುಚ್ಚಿರುವಾಗ ಸ್ವಿಚ್ ಆಫ್ ಮಾಡಿ, ಮೇಲಿನ ಹಳಿಯಿಂದ ಇಳಿಬಿದ್ದಿರುವ ಕೆಂಪು ಹಗ್ಗ ಎಳೆದು (ಅದು ಬಾಗಿಲನ್ನು ಮೋಟರಿನಿಂದ ಬಿಡಿಸುತ್ತದೆ), ಬಾಗಿಲನ್ನು ಕೈಯಿಂದ ಎತ್ತಿ ನೋಡಿ. ಹಗುರವಾಗಿ ಎದ್ದು ಸೊಂಟದ ಮಟ್ಟದಲ್ಲಿ ತಾನೇ ನಿಂತರೆ ದೋಷ ಮೋಟರಿನ ಕಡೆಯದು; ಹಲವು ಸಲ ಒಳಗಿನ ಪ್ಲಾಸ್ಟಿಕ್ ಗೇರ್ ಸವೆದಿರುತ್ತದೆ. ಎತ್ತಲಾಗದಷ್ಟು ಭಾರವಿದ್ದರೆ ಬಹುತೇಕ ಸ್ಪ್ರಿಂಗ್ ತುಂಡಾಗಿದೆ. ಬಾಗಿಲಿನ ತೂಕವನ್ನು ಹೊರುವುದೇ ಸ್ಪ್ರಿಂಗ್, ಮೋಟರಿಗೆ ಉಳಿಯುವುದು ಸ್ವಲ್ಪವೇ. ಅದಕ್ಕೇ ಈ ಪರೀಕ್ಷೆ ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಬಾಗಿಲಿನ ಮೇಲಿನ ಸ್ಪ್ರಿಂಗ್ ಸುರುಳಿಯ ನಡುವೆ ಒಂದೆರಡು ಇಂಚು ಸಂದು ಕಂಡರೆ ಅನುಮಾನವೇ ಬೇಡ. ಅದನ್ನು ಮಾತ್ರ ನೀವೇ ಬಿಚ್ಚಬೇಡಿ, ಬಿಗಿದ ಸ್ಪ್ರಿಂಗ್ ಸಿಡಿದರೆ ಕೈ ಮುರಿಯುತ್ತದೆ. ಕೆಲಸ ಬಲ್ಲವರನ್ನು ಕರೆಸಿ. ಒಳಗಿನ ಚಿಲಕ ಹಾಕಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ, ಮೊದಲು ಅದನ್ನು ತೆಗೆಯಿರಿ. ಬಾಗಿಲು ಅರ್ಧ ತೆರೆದು ನಿಂತಿದ್ದರೆ ಹಗ್ಗ ಎಳೆಯಲೇಬೇಡಿ, ದಡಾರನೆ ಕೆಳಗೆ ಬೀಳಬಹುದು. ಅಂದಹಾಗೆ, ಬಾಗಿಲಿಗೆ ಏನಾದರೂ ಅಡ್ಡ ಬಂದರೆ ಗುರುತಿಸುವ ಕೆಳಗಿನ ಸೆನ್ಸರ್ ಒರೆಸುತ್ತಾ ಕೂರಬೇಡಿ: ಅದು ತಡೆಯುವುದು ಬಾಗಿಲು ಮುಚ್ಚುವುದನ್ನು, ತೆರೆಯುವುದನ್ನಲ್ಲ.