ಮಗ್ಗುಲು ಬದಲಿಸಿದರೆ ತಲೆ ಸುತ್ತು: ಫಿಸಿಯೋಥೆರಪಿಸ್ಟ್ ಆಗಿ ನನ್ನ ಅನುಭವ

ತಲೆ ಸುತ್ತು ಅಂತ ನನ್ನ ಹತ್ತಿರ ಬರುವ ಅನೇಕರ ಕುತ್ತಿಗೆಗೆ ಆಗಲೇ ಕಾಲರ್ ಬಂದಿರುತ್ತದೆ. ಎಕ್ಸ್‌ರೇಯಲ್ಲಿ ಸವೆತ ಇದೆ ಅಂತ ಯಾರೋ ಹೇಳಿರುತ್ತಾರೆ. ವಯಸ್ಸಾದವರ ಕುತ್ತಿಗೆಯಲ್ಲಿ ಸವೆತ ಕಾಣುವುದು ಮಾಮೂಲಿ, ಅಲ್ವಾ? ಮನೆಯಲ್ಲಿ ಇನ್ನೊಬ್ಬರು ಪಿತ್ತ ಅಂತ ಕಷಾಯವನ್ನೂ ಕುಡಿಸಿರುತ್ತಾರೆ. ನಾನು ಮೊದಲು ಕೇಳುವುದು ಇಷ್ಟೇ: ಸುತ್ತು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ?

ಹಾಸಿಗೆಯಲ್ಲಿ ಮಗ್ಗುಲಾದಾಗ, ಬೆಳಿಗ್ಗೆ ಏಳುವಾಗ, ನಾಗಂದಿಗೆಯ ಡಬ್ಬಿಗೆ ತಲೆ ಎತ್ತಿದಾಗ ಕೋಣೆಯೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ, ನನ್ನ ಅನುಮಾನ ಒಳಗಿವಿಯ ಮೇಲೆ. ಇದನ್ನು ಬಿಪಿಪಿವಿ ಅನ್ನುತ್ತೇವೆ, ಅಂದರೆ ತಲೆಯ ಭಂಗಿ ಬದಲಾದಾಗ ಬಂದು ಹೋಗುವ ಸುತ್ತು. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಅನ್ನುವ ಸುದ್ದಿಯನ್ನು ಮೇಸ್ತ್ರಿಯ ರಸಮಟ್ಟದ ಹಾಗೆ ಮಿದುಳಿಗೆ ಕೊಡುವುದು ಅವುಗಳ ಕೆಲಸ. ಪಕ್ಕದ ಚೀಲದಲ್ಲಿರಬೇಕಾದ ಸುಣ್ಣದ ಸಣ್ಣ ಹರಳುಗಳು ಕಳಚಿ ಈ ನಾಳಕ್ಕೆ ಬಿದ್ದರೆ, ತಲೆ ನಿಂತರೂ ಹರಳು ಜಾರುತ್ತಲೇ ಇರುತ್ತದೆ. ಇನ್ನೂ ತಿರುಗುತ್ತಿದ್ದೇವೆ ಅಂತ ಮಿದುಳು ತಿಳಿಯುತ್ತದೆ. ಮಾತ್ರೆಯಿಂದ ವಾಕರಿಕೆ ಕಡಿಮೆಯಾಗಬಹುದು, ಆದರೆ ಹರಳು ಸರಿಯುವುದಿಲ್ಲ.

ಪರೀಕ್ಷೆಗೇ ನಾನು ಜಾಸ್ತಿ ಸಮಯ ಕೊಡುತ್ತೇನೆ. ಬ್ರಿಟನ್ನಿನ ವೈದ್ಯರಾದ ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ವಿಧಾನ ಇವತ್ತಿಗೂ ನಡೆಯುತ್ತಿದೆ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು 45 ಡಿಗ್ರಿ ಒಂದು ಕಡೆಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸುತ್ತೇನೆ. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗಿರಬೇಕು. ‘ಅಮ್ಮಾ, ಕಣ್ಣು ಮುಚ್ಚಬೇಡಿ, ನನ್ನ ಮೂಗನ್ನೇ ನೋಡ್ತಾ ಇರಿ’ ಅಂತ ಮೊದಲೇ ಹೇಳಿರುತ್ತೇನೆ. ಹೇಳಿದರೂ ಹೆದರಿ ಮುಚ್ಚಿಬಿಡುತ್ತಾರೆ! ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಕಣ್ಣುಗುಡ್ಡೆ ಹಣೆಯ ಕಡೆಗೆ ಹಾರುತ್ತಾ, ಕೆಳಗಿರುವ ಕಿವಿಯ ಕಡೆಗೆ ತಿರುಚಿಕೊಳ್ಳುತ್ತದೆ. ಅದು ಕಂಡರೆ ಹರಳು ಇರುವುದು ಆ ಒಳಗಿವಿಯ ಹಿಂಭಾಗದ ನಾಳದಲ್ಲಿ. ಹೆಚ್ಚಿನವರಲ್ಲಿ ಅದೇ. ಕಣ್ಣು ಅಡ್ಡಕ್ಕೆ ಹೊಡೆದುಕೊಂಡರೆ ನಾಳ ಬೇರೆ, ಹರಳನ್ನು ಚೀಲಕ್ಕೆ ಮರಳಿಸಲು ತಲೆ ತಿರುಗಿಸುವ ಕ್ರಮವೂ ಬೇರೆ. ಮೊಬೈಲ್ ನೋಡಿ ಮನೆಯಲ್ಲೇ ಮಾಡಿಕೊಂಡು ಗುಣವಾಗದೆ ಬರುವವರು ಎಡವುವುದು ಇಲ್ಲೇ: ಕಸರತ್ತು ಸರಿ, ಕಿವಿ ತಪ್ಪು.

ಅಮೆರಿಕದ ಕಿವಿ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮವೇ ನನ್ನ ಮುಖ್ಯ ಚಿಕಿತ್ಸೆ. ಬಲಗಿವಿ ಅಂದುಕೊಳ್ಳಿ. ಪರೀಕ್ಷೆಯ ಭಂಗಿಯಲ್ಲೇ ಕಣ್ಣು ನಿಲ್ಲುವವರೆಗೆ ಕಾಯುತ್ತೇನೆ. ತಲೆಯನ್ನು ನಿಧಾನವಾಗಿ 90 ಡಿಗ್ರಿ ಎಡಕ್ಕೆ ತಿರುಗಿಸಿ ಮತ್ತೆ ಕಾಯುತ್ತೇನೆ. ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮುಖ ನೆಲ ನೋಡುವ ಹಾಗೆ ತಲೆಯನ್ನು ಇನ್ನೊಂದು 90 ಡಿಗ್ರಿ ತಿರುಗಿಸುತ್ತೇನೆ. ಕೊನೆಗೆ ಗಲ್ಲ ಎದೆಗೆ ತಂದು ಎಬ್ಬಿಸುವುದು. ಒಂದೊಂದು ಭಂಗಿಯಲ್ಲೂ 30 ಸೆಕೆಂಡಿನಿಂದ ಒಂದು ನಿಮಿಷ. ಅವಸರ ಮಾಡಿದರೆ ಹರಳು ಅರ್ಧದಲ್ಲೇ ಉಳಿಯುತ್ತದೆ. ಎದ್ದು ಕೂತ ಕ್ಷಣ ಕೆಲವರು ಧಡಕ್ಕನೆ ವಾಲುತ್ತಾರೆ. ಅದಕ್ಕೇ ಎರಡೂ ಭುಜ ಹಿಡಿದೇ ಇರುತ್ತೇನೆ. ಪಕ್ಕದಲ್ಲಿ ಒಂದು ಬೇಸಿನ್ನೂ ಇರುತ್ತದೆ. ಹೊಟ್ಟೆ ತುಂಬಾ ತಿಂಡಿ ತಿಂದು ಬರಬೇಡಿ ಅಂತ ಫೋನಿನಲ್ಲೇ ಹೇಳುವುದು ಇದಕ್ಕೇ.

ಕುತ್ತಿಗೆ ಬಗ್ಗದ ಹಿರಿಯರಿಗೆ ಭುಜದ ಕೆಳಗೆ ದಿಂಬು ಇಟ್ಟು ಮಾಡುತ್ತೇನೆ. ಮಾತು ತೊದಲುವುದು, ಎರಡೆರಡು ಕಾಣುವುದು, ಕೈಕಾಲು ಸೋಲುವುದು, ನಿಲ್ಲಲೂ ಆಗದಿರುವುದು, ಹಿಂದೆಂದೂ ಇಲ್ಲದ ತಲೆನೋವು, ಇವುಗಳಲ್ಲಿ ಒಂದಿದ್ದರೂ ನನ್ನ ಮಂಚ ಅವರಿಗಲ್ಲ. ತಕ್ಷಣ ಆಸ್ಪತ್ರೆಗೆ ಕಳಿಸುತ್ತೇನೆ.

ಚಿಕಿತ್ಸೆಯಾದ ಮೇಲೆ ಎರಡು ರಾತ್ರಿ ಕೂತೇ ಮಲಗಬೇಕು ಅನ್ನುವ ಹಳೆಯ ಕಟ್ಟುಪಾಡನ್ನು ನಾನು ಹೇಳುವುದಿಲ್ಲ. ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಅಂತ ಅಧ್ಯಯನಗಳಲ್ಲಿ ಕಂಡಿದೆ. ಸುತ್ತು ಹೋದರೂ ಕೆಲವು ದಿನ ತೇಲಿದ ಹಾಗಿರುತ್ತದೆ. ಸುಮ್ನೆ ಮಲಗಿಬಿಡಬೇಡಿ, ಓಡಾಡಿ ಅನ್ನುತ್ತೇನೆ.

ಇದು ಮರುಕಳಿಸುವ ತೊಂದರೆ. ಮತ್ತೆ ಬಂದವರು ‘ಅದೇ ಬಲಗಿವಿ, ಬೇಗ ತಿರುಗಿಸಿಬಿಡಿ’ ಅನ್ನುತ್ತಾರೆ. ನಾನು ಎರಡೂ ಕಡೆ ಮತ್ತೆ ಪರೀಕ್ಷೆ ಮಾಡಿಯೇ ಮುಂದುವರಿಯುತ್ತೇನೆ. ಈ ಸಲ ಎಡಗಿವಿ ಆಗಿರುವುದೂ ಉಂಟು.